ಬಾಳಿಕೆಯ ಗುಟ್ಟು

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರಗಳು ಬಯಲುಸೀಮೆಯೂ ಮಲೆನಾಡೂ ಒಂದನ್ನೊಂದು ಸಂಧಿಸುವ ನೆಲದಲ್ಲಿವೆ. ಕಡೂರಿನ ಸುತ್ತ ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹರಡಿವೆ. ತರೀಕೆರೆಯ ಕಡೆಗೆ ಹೊರಳಿದರೆ ಅಡಿಕೆಯ ತೋಟಗಳೂ ಭತ್ತದ ಗದ್ದೆಗಳೂ ಕಾಣುತ್ತವೆ. ಅಜ್ಜಂಪುರದ ಸೀಮೆ ಈರುಳ್ಳಿಯ ಬೆಳೆಗೆ ಹೆಸರಾದುದು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಬೆವರು ಸುರಿಸಿ ಗಳಿಸಿದ ಹಣವನ್ನು ಎಣಿಸಿ ಖರ್ಚು ಮಾಡುವ ಇಲ್ಲಿನ ರೈತರು ನೇಗಿಲನ್ನಾಗಲಿ, ಕಂಬಳಿಯನ್ನಾಗಲಿ, ಪಂಪುಸೆಟ್ಟನ್ನಾಗಲಿ ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದು ಬಾಳಿಕೆ ಬರುತ್ತದೆಯೇ?’

ಬಾಳಿಕೆ ಎಂದರೇನೆಂಬುದನ್ನು ಈ ಸೀಮೆಯ ಜನರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯ ಹಿಂಡುಗಳಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಬಂದಿತು. ಸೈನ್ಯದ ತೋಪುಗಳನ್ನೂ ಸಾಮಗ್ರಿಗಳನ್ನೂ ಎಳೆದೊಯ್ಯುತ್ತಿದ್ದ ಈ ಎತ್ತುಗಳು ಭಾರಿ ಗಾತ್ರದವಲ್ಲ. ಆದರೆ ಒರಟು ಮೇವನ್ನು ತಿಂದು, ಬಿಸಿಲನ್ನು ಸಹಿಸಿ, ದೂರದ ಹಾದಿಯನ್ನು ದಣಿಯದೆ ಸವೆಸುವ ತಾಳ್ಮೆ ಅವುಗಳಲ್ಲಿದ್ದಿತು. ತಾನು ದುಡಿಯಬೇಕಾದ ನೆಲಕ್ಕೆ ಒಗ್ಗಿದ ಮೈಕಟ್ಟೇ ಅವುಗಳ ಶಕ್ತಿಯ ಮೂಲ. ಇದೇ ಮಾತು ಜೀವವಿಲ್ಲದ ವಸ್ತುಗಳಿಗೂ ಸಲ್ಲುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಈ ಊರುಗಳ ಜನರ ಕಿಸೆಯನ್ನು ಸೇರಿದ ಮೊದಮೊದಲ ಮೊಬೈಲ್ ಫೋನುಗಳು ಅದಕ್ಕೆ ಒಳ್ಳೆಯ ನಿದರ್ಶನ.

ದೂರವಾಣಿಯು ಈ ಕಡೆಯ ಹಳ್ಳಿಗಳಿಗೆ ಬಹುಕಾಲ ಅಪರೂಪದ ವಸ್ತುವಾಗಿದ್ದಿತು. ದೂರದ ಊರಿನವರೊಡನೆ ಮಾತನಾಡಬೇಕಾದವರು ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕರೆಯನ್ನು ಕಾಯ್ದಿರಿಸಿ, ಅದು ದೊರೆಯುವವರೆಗೆ ಕಾದು ಕುಳಿತಿರಬೇಕಾಗಿತ್ತು. ಹೊರದೇಶಗಳಿಗೆಂದು ರೂಪಿಸಿದ ದೂರವಾಣಿ ಎಕ್ಸ್‌ಚೇಂಜುಗಳಿಗೆ ತಂಪಾದ, ಧೂಳಿಲ್ಲದ ಕೊಠಡಿಗಳು ಬೇಕಾಗಿದ್ದವು. ನಮ್ಮ ಹಳ್ಳಿಗಳಲ್ಲಿ ಅಂಥ ಅನುಕೂಲ ಎಲ್ಲಿಯದು? 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಈ ತೊಡಕನ್ನು ಮನಗಂಡು, ಹವಾನಿಯಂತ್ರಣದ ಹಂಗಿಲ್ಲದೆ ಬಿಸಿಲು ಧೂಳುಗಳ ನಡುವೆಯೇ ಕೆಲಸ ಮಾಡಬಲ್ಲ ಚಿಕ್ಕದೊಂದು ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿಯೇ ಕಾರ್ಯಾರಂಭ ಮಾಡಿತು. ಆ ಬಳಿಕ ಊರೂರುಗಳಲ್ಲಿ ಎಸ್‌ಟಿಡಿ ಬೂತುಗಳು ತಲೆಯೆತ್ತಿದವು. ಬಳಸುವವನ ಊರನ್ನೂ ಹವೆಯನ್ನೂ ಅರಿತು ಮಾಡಿದ ಯಂತ್ರವೇ ಅಲ್ಲಿ ನಿಲ್ಲುತ್ತದೆ ಎಂಬುದು ಆಗಲೇ ಸಿದ್ಧವಾಗಿದ್ದಿತು.

ಕೈಯಲ್ಲಿ ಹಿಡಿದು ತಿರುಗಾಡುವ ದೂರವಾಣಿಯ ಕಥೆ ಇದಕ್ಕಿಂತ ಕೊಂಚ ಹಿಂದೆಯೇ ಆರಂಭವಾಗುತ್ತದೆ. ಅಮೆರಿಕದ ಮೋಟೊರೋಲಾ ಸಂಸ್ಥೆಯ ಮಾರ್ಟಿನ್ ಕೂಪರ್ 1973ರ ಏಪ್ರಿಲ್ 3ರಂದು ನ್ಯೂಯಾರ್ಕ್ ನಗರದ ಬೀದಿಯಲ್ಲಿ ನಿಂತು ಇಂಥ ಫೋನಿನಿಂದ ಮೊದಲ ಕರೆಯನ್ನು ಮಾಡಿದರು. ಅದೇ ಸಂಸ್ಥೆ 1983ರಲ್ಲಿ ಸಿದ್ಧಪಡಿಸಿದ ಫೋನಿನ ತೂಕ ಮುಕ್ಕಾಲು ಕಿಲೋಗ್ರಾಮಿಗೂ ಮಿಗಿಲು. ಬೆಲೆ 3,995 ಡಾಲರು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆ ದಿನಗಳಲ್ಲಿ ಒಂದು ನಿಮಿಷದ ಮಾತಿಗೆ ಸುಮಾರು 16 ರೂಪಾಯಿ ತೆರಬೇಕಾಗಿತ್ತು. ಬಂದ ಕರೆಯನ್ನು ಸ್ವೀಕರಿಸಿದವನೂ ಹಣ ಕೊಡಬೇಕಾಗಿತ್ತು. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಸಂಸ್ಥೆಯ ಮೊಬೈಲ್ ಸೇವೆಯು ಆರಂಭವಾದ ಮೇಲೆ, 2003ರಲ್ಲಿ ಬರುವ ಕರೆಗಳು ಉಚಿತವಾದ ಮೇಲೆ, ಈ ಸೌಲಭ್ಯವು ನಗರಗಳನ್ನು ದಾಟಿ ತಾಲ್ಲೂಕು ಕೇಂದ್ರಗಳ ಕಡೆಗೆ ಹರಿಯತೊಡಗಿತು.

ಈ ಸೀಮೆಗೆ ಬಂದ ಫೋನಿಗೆ ಎದುರಾದ ಪರೀಕ್ಷೆಗಳು ಒಂದೆರಡಲ್ಲ. ತರೀಕೆರೆಯ ಕಡೆಯ ಅಡಿಕೆ ತೋಟದಲ್ಲಿ ಮುಂಗಾರಿನ ತೇವ. ಅಜ್ಜಂಪುರದಲ್ಲಿ ಈರುಳ್ಳಿ ಕೀಳುವ ಕಾಲಕ್ಕೆ ಅಂಗಿಯೊಳಗೂ ಇಳಿಯುವ ಮಣ್ಣು. ಕಡೂರಿನ ಕಡೆಯ ಬೇಸಿಗೆಯ ಬಿಸಿಲು. ಕೆಲಸಕ್ಕೆ ಬಗ್ಗಿದರೆ ಅಂಗಿಯ ಮೇಲ್ಕಿಸೆಯಿಂದ ಫೋನು ಜಾರಿ ಬೀಳುತ್ತಿತ್ತು. ಕಾಲುವೆಗೆ ಬಿದ್ದದ್ದೂ ಉಂಟು, ದನದ ಕಾಲಿಗೆ ಸಿಕ್ಕಿದ್ದೂ ಉಂಟು. ಇದರ ಮೇಲೆ ವಿದ್ಯುತ್ತಿನ ಅಭಾವ ಬೇರೆ. ಪಂಪುಸೆಟ್ಟುಗಳಿಗೆ ಅನೇಕ ವೇಳೆ ರಾತ್ರಿಯ ಹೊತ್ತು ವಿದ್ಯುತ್ತು ಬರುತ್ತಿದ್ದುದರಿಂದ, ರೈತನು ಕತ್ತಲಲ್ಲಿ ತೋಟಕ್ಕೆ ಹೋಗಿ ಮೋಟಾರನ್ನು ಚಾಲೂ ಮಾಡಬೇಕಾಗಿತ್ತು. ದಿನಕ್ಕೆರಡು ಬಾರಿ ಚಾರ್ಜು ಬೇಡುವ ಸುಕುಮಾರ ಯಂತ್ರವೊಂದು ಇಂಥಲ್ಲಿ ಬದುಕುವಂತಿರಲಿಲ್ಲ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಫೋನುಗಳಲ್ಲಿ ಫಿನ್ಲೆಂಡಿನ ನೋಕಿಯಾ ಸಂಸ್ಥೆಯ ಎರಡು ಮಾದರಿಗಳು ಜನರ ನೆನಪಿನಲ್ಲಿ ಇಂದಿಗೂ ಉಳಿದಿವೆ. ಮೊದಲನೆಯದು 2000ದಲ್ಲಿ ಬಂದ 3310. ಎರಡನೆಯದು 2003ರಲ್ಲಿ ಬಂದ 1100. ಈ ಎರಡನೆಯ ಮಾದರಿಯನ್ನು ನಮ್ಮಂಥ ದೇಶಗಳ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿತ್ತು. ಧೂಳು ಒಳಹೋಗದಂತೆ ಅದರ ಒತ್ತುಗುಂಡಿಗಳಿಗೆ ಅಖಂಡವಾದ ರಬ್ಬರಿನ ಹೊದಿಕೆ. ಬೆವರಿದ ಕೈಯಿಂದ ಜಾರದಂತೆ ಅಂಚಿನಲ್ಲಿ ಒರಟು ಹಿಡಿಕೆ. ತಲೆಯ ಮೇಲೆ ಪುಟ್ಟದೊಂದು ಟಾರ್ಚು. ರಾತ್ರಿ ನೀರು ಹಾಯಿಸಲು ಹೊರಟವನಿಗೆ ಆ ಟಾರ್ಚು ಹಾವು ಚೇಳುಗಳಿಂದ ಕಾಪಾಡುವ ಕಣ್ಣಾಯಿತು. ಲೋಕದಾದ್ಯಂತ 25 ಕೋಟಿಗೂ ಹೆಚ್ಚು ಇಂಥ ಫೋನುಗಳು ಮಾರಾಟವಾದವು.

ಇವು ಕೆಳಗೆ ಬಿದ್ದರೂ ಒಡೆಯದಿದ್ದುದಕ್ಕೆ ಪವಾಡವೇನೂ ಕಾರಣವಲ್ಲ. ಭೌತವಿಜ್ಞಾನದ ಸರಳ ನಿಯಮಗಳೇ ಕಾರಣ. ಎತ್ತರದಿಂದ ಬೀಳುವ ವಸ್ತುವು ನೆಲಕ್ಕೆ ತಾಗುವಾಗ ಅದರಲ್ಲಿರುವ ಶಕ್ತಿಯು ಅದರ ತೂಕಕ್ಕೆ ತಕ್ಕಂತೆ ಇರುತ್ತದೆ. 86 ಗ್ರಾಮಿನ 1100 ಫೋನು ಒಂದು ಮೀಟರ್ ಎತ್ತರದಿಂದ ಬಿದ್ದರೆ ಅದು ತಾಳಿಕೊಳ್ಳಬೇಕಾದ ಶಕ್ತಿ ಸುಮಾರು 0.84 ಜೂಲ್, 200 ಗ್ರಾಮಿನ ಇಂದಿನ ಸ್ಮಾರ್ಟ್‌ಫೋನು ತಾಳಿಕೊಳ್ಳಬೇಕಾದದ್ದು ಸುಮಾರು 2 ಜೂಲ್. ಹಳೆಯ ಫೋನಿನ ಪರದೆ ಚಿಕ್ಕದು. ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇದ್ದಿತು. ಗಾಜಿನಂತೆ ಬಿರುಕು ಬಿಡುವ ಬದಲು ಪ್ಲಾಸ್ಟಿಕ್ಕು ಕೊಂಚ ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಿದ್ದೊಡನೆ ಹಿಂದಿನ ಮುಚ್ಚಳ ಒಂದು ಕಡೆಗೆ, ಬ್ಯಾಟರಿ ಇನ್ನೊಂದು ಕಡೆಗೆ ಸಿಡಿಯುತ್ತಿದ್ದವು. ನೋಡಿದವರಿಗೆ ಫೋನು ಚೂರಾದಂತೆ ತೋರುತ್ತಿತ್ತು. ವಾಸ್ತವವಾಗಿ ಪೆಟ್ಟಿನ ಶಕ್ತಿಯ ಒಂದು ಪಾಲು ಹಾಗೆ ಸಿಡಿಯುವುದರಲ್ಲಿಯೇ ವ್ಯಯವಾಗಿ ಒಳಗಿನ ಭಾಗಗಳು ಉಳಿಯುತ್ತಿದ್ದವು. ಮೂರು ತುಂಡುಗಳನ್ನೂ ಆಯ್ದು ಜೋಡಿಸಿದರೆ ಫೋನು ಮತ್ತೆ ಮಾತನಾಡುತ್ತಿತ್ತು. ಕಪ್ಪು ಬಿಳುಪಿನ ಪುಟ್ಟ ಪರದೆಗೆ ಬೇಕಾದ ವಿದ್ಯುತ್ತು ಅತ್ಯಲ್ಪವಾದುದರಿಂದ ಒಮ್ಮೆ ಚಾರ್ಜು ಮಾಡಿದರೆ ಕೆಲವು ದಿನ ಯೋಚನೆಯಿರಲಿಲ್ಲ.

ಗಟ್ಟಿಯಾದ ಮೈಯಿದ್ದ ಮಾತ್ರಕ್ಕೆ ವಸ್ತುವು ದೀರ್ಘಾಯುವಾಗುವುದಿಲ್ಲ. ಕೆಟ್ಟಾಗ ಅದನ್ನು ರಿಪೇರಿ ಮಾಡುವಂತಿರಬೇಕು. ಬಸ್ ನಿಲ್ದಾಣದ ಮಗ್ಗುಲಲ್ಲಿಯೋ ಸಂತೆ ಬೀದಿಯಲ್ಲಿಯೋ ಹುಟ್ಟಿಕೊಂಡ ಚಿಕ್ಕ ಚಿಕ್ಕ ಮೊಬೈಲ್ ರಿಪೇರಿ ಅಂಗಡಿಗಳು ಈ ಫೋನುಗಳ ಆಸ್ಪತ್ರೆಗಳಾದವು. ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಸಣ್ಣ ಸ್ಕ್ರೂಡ್ರೈವರುಗಳು, ಒಂದು ಬ್ರಷ್ಷು, ಇಷ್ಟೇ ಅಲ್ಲಿಯ ಬಂಡವಾಳ. ನೀರಿಗೆ ಬಿದ್ದ ಫೋನನ್ನು ಹಿಡಿದು ಬಂದ ರೈತ, “ಇದು ಬದುಕ್ತದೇನಪ್ಪಾ?” ಎಂದು ಕೇಳಿದರೆ, “ಬ್ಯಾಟರಿ ತಕ್ಷಣ ತೆಗೆದಿದ್ದೀರಲ್ಲ ಗೌಡ್ರೇ, ಬದುಕಿಸೋಣ ಬಿಡಿ” ಎಂಬ ಉತ್ತರ ಬರುತ್ತಿತ್ತು. ಆ ಉತ್ತರದಲ್ಲಿ ವಿಜ್ಞಾನವಿದೆ. ನೀರು ಹೊಕ್ಕ ಯಂತ್ರದಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ ಲೋಹದ ಭಾಗಗಳು ಬೇಗನೆ ಕಿಲುಬು ಹಿಡಿಯುತ್ತವೆ. ಬ್ಯಾಟರಿಯನ್ನು ತೆಗೆದರೆ ಆ ಅಪಾಯ ಬಹಳಮಟ್ಟಿಗೆ ತಗ್ಗುತ್ತದೆ. ಉಗುರಿನಿಂದಲೇ ಮುಚ್ಚಳವನ್ನು ತೆರೆದು ಬ್ಯಾಟರಿಯನ್ನು ತೆಗೆಯಬಹುದಾಗಿದ್ದ ಆ ಸೌಕರ್ಯವೇ ಎಷ್ಟೋ ಫೋನುಗಳನ್ನು ಉಳಿಸಿತು. ಅಲ್ಲದೆ ‘ಬಿಎಲ್-5ಸಿ’ ಎಂಬ ಒಂದೇ ಬಗೆಯ ಬ್ಯಾಟರಿ ಹತ್ತಾರು ಮಾದರಿಗಳಿಗೆ ಹೊಂದುತ್ತಿತ್ತು. ಬ್ಯಾಟರಿ ಸವೆದರೆ ಬ್ಯಾಟರಿಯನ್ನಷ್ಟೇ ಬದಲಿಸಿದರಾಯಿತು. ಫೋನನ್ನು ಎಸೆಯಬೇಕಾದ ಪ್ರಸಂಗವಿರಲಿಲ್ಲ.

ಫೋನು ಬಾಳಲು ಒಡೆಯನ ಜೋಪಾನವೂ ಕಾರಣವಾಗಿದ್ದಿತು. ಕೆಲವು ಸಾವಿರ ರೂಪಾಯಿ ಎಂದರೆ ಕೂಲಿಯವನಿಗೆ ಅನೇಕ ದಿನಗಳ ಗಳಿಕೆ. ಆದುದರಿಂದ ಮನೆಗೆ ಬಂದ ಫೋನಿಗೆ ಪ್ಲಾಸ್ಟಿಕ್ ಚೀಲದ ಹೊದಿಕೆ, ಕೊರಳಿಗೆ ದಾರ, ಗೂಡಿನಲ್ಲಿ ನಿಗದಿಯಾದ ಸ್ಥಳ. ಮಾತಿಗೆ ಹಣ ತೆರಬೇಕಾಗಿದ್ದುದರಿಂದ ‘ಮಿಸ್ಡ್ ಕಾಲ್’ ಕೊಟ್ಟೇ ಎಷ್ಟೋ ವಿಷಯಗಳನ್ನು ತಿಳಿಸುತ್ತಿದ್ದರು. ಅಪ್ಪನಿಗೆ ಹೊಸದು ಬಂದಾಗ ಹಳೆಯದು ಅಜ್ಜಿಗೋ ತಮ್ಮನಿಗೋ ದಾಟುತ್ತಿತ್ತು.

ಹಳೆಯದನ್ನು ಹೊಗಳುವಾಗಲೂ ವಿವೇಕವನ್ನು ಬಿಡಬಾರದು. ಇಂದು ಕಣ್ಣಿಗೆ ಬೀಳುವುದು ಉಳಿದುಕೊಂಡ ಫೋನುಗಳು ಮಾತ್ರ; ಬೇಗನೆ ಕೆಟ್ಟು ಕಸ ಸೇರಿದವುಗಳನ್ನು ಯಾರೂ ನೆನೆಯುವುದಿಲ್ಲ. ಹೆಸರಾದ ಬಿಎಲ್-5ಸಿ ಬ್ಯಾಟರಿಯೂ ನಿರ್ದೋಷವಾಗಿರಲಿಲ್ಲ. ಒಂದು ಅವಧಿಯಲ್ಲಿ ತಯಾರಾದ ಸುಮಾರು 4.6 ಕೋಟಿ ಬ್ಯಾಟರಿಗಳು ಚಾರ್ಜು ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ನೋಕಿಯಾ ಸಂಸ್ಥೆಯೇ 2007ರ ಆಗಸ್ಟಿನಲ್ಲಿ ಎಚ್ಚರಿಸಿ, ಅವುಗಳನ್ನು ಬದಲಿಸಿಕೊಡಲು ಮುಂದಾಯಿತು. ಹಳೆಯ ಫೋನು ಮಾಡುತ್ತಿದ್ದ ಕೆಲಸಗಳೂ ಕೆಲವೇ. ಇಂದಿನ ಸ್ಮಾರ್ಟ್‌ಫೋನು ಪಾಠ ಹೇಳುತ್ತದೆ, ಹಣ ಪಾವತಿ ಮಾಡುತ್ತದೆ, ದಾರಿ ತೋರಿಸುತ್ತದೆ, ಮಾರುಕಟ್ಟೆಯ ಧಾರಣೆಯನ್ನು ತಿಳಿಸುತ್ತದೆ. ಹೆಚ್ಚು ಕೆಲಸ ಮಾಡುವ ಯಂತ್ರವು ಹೆಚ್ಚು ಸೂಕ್ಷ್ಮವಾಗಿರುವುದು ಸಹಜವೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಫೋನಿನ ಆಯುಷ್ಯ ಅದರ ಮೈಯಲ್ಲಷ್ಟೇ ಇಲ್ಲ. ಅದು ನೆಚ್ಚಿಕೊಂಡ ಜಾಲದಲ್ಲಿಯೂ ಇದೆ. 2003ರಲ್ಲಿ ರಿಲಯನ್ಸ್ ಸಂಸ್ಥೆಯು ಮೊದಲಿಗೆ 501 ರೂಪಾಯಿ ಕಟ್ಟಿಸಿಕೊಂಡು ಸಿಡಿಎಂಎ ಎಂಬ ವಿಧಾನದ ಫೋನುಗಳನ್ನು ಸಾಮಾನ್ಯರ ಕೈಗೆ ತಲುಪಿಸಿತು. ಮುಂದೆ ಆ ಜಾಲವೇ ಮುಚ್ಚಿಹೋದಾಗ, ಗೀರು ಬೀಳದ ಫೋನುಗಳೂ ಮೂಕವಾದವು. 2016ರಲ್ಲಿ ಬಂದ ಜಿಯೋ ಜಾಲವು ಎರಡನೆಯ ತಲೆಮಾರಿನ ಹಳೆಯ ಫೋನುಗಳನ್ನು ಒಳಗೊಳ್ಳಲೇ ಇಲ್ಲ. ಎತ್ತು ಎಷ್ಟೇ ಗಟ್ಟಿಯಾಗಿದ್ದರೂ ದಾರಿಯೇ ಇಲ್ಲದಿದ್ದರೆ ಗಾಡಿ ಸಾಗುವುದೆಲ್ಲಿ?

ಇದು ಬರಿಯ ನೆನಪಿನ ಮಾತಾಗಿ ಉಳಿಯಬಾರದು. 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ನುಗಳಷ್ಟು ವಿದ್ಯುನ್ಮಾನ ಕಸವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದದ್ದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಎಸೆದ ಫೋನಿನೊಡನೆ ಅದರೊಳಗಿನ ತಾಮ್ರ, ಚಿನ್ನಗಳೂ ವ್ಯರ್ಥವಾಗುತ್ತವೆ. ವಿಷಕಾರಿ ವಸ್ತುಗಳು ಮಣ್ಣನ್ನೂ ನೀರನ್ನೂ ಸೇರುತ್ತವೆ. ನಮ್ಮ ದೇಶದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದಿವೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂಬ ಉದ್ದೇಶದಿಂದ ಕೇಂದ್ರ ಸರ್ಕಾರವು 2022ರ ಡಿಸೆಂಬರಿನಲ್ಲಿ ಅದಕ್ಕೆ ಬೇಕಾದ ಮಾಹಿತಿಯನ್ನು ಅಂತರ್ಜಾಲದಲ್ಲಿ ಒದಗಿಸಲಾರಂಭಿಸಿತು. ಸಣ್ಣ ಸಲಕರಣೆಗಳ ಬ್ಯಾಟರಿಯನ್ನು ಬಳಕೆದಾರನೇ ಬದಲಿಸುವಂತಿರಬೇಕು ಎಂಬ ನಿಯಮವನ್ನು ಯುರೋಪಿನ ಒಕ್ಕೂಟವು 2023ರಲ್ಲಿ ಮಾಡಿತು. ಕೆಲವು ವಿನಾಯಿತಿಗಳೊಡನೆ ಅದು ಅನ್ವಯವಾಗಲು ಗೊತ್ತುಮಾಡಿದ ಕಾಲ 2027ರ ಫೆಬ್ರವರಿ. ತರೀಕೆರೆಯ ರೈತನು ಹಿಂದೊಮ್ಮೆ ಉಗುರಿನಿಂದ ಮಾಡುತ್ತಿದ್ದ ಕೆಲಸಕ್ಕೆ ಈಗ ಕಾನೂನಿನ ನೆರವು ಬೇಕಾಗಿದೆ.

ಮಾಡುವವನು ಬಳಸುವವನ ಬದುಕನ್ನು ಅರಿತಿರಬೇಕು. ಕೆಟ್ಟುದನ್ನು ತೆರೆದು ಸರಿಪಡಿಸಲು ಎಡೆಯಿರಬೇಕು. ಕೊಂಡವನಿಗೆ ಅದರ ಮೇಲೆ ಅಕ್ಕರೆಯಿರಬೇಕು. ಈ ಮೂರೂ ಕೂಡಿದಾಗ ವಸ್ತುವು ಬಾಳಿಕೆ ಬರುತ್ತದೆ. ಮೊದಲೆರಡು ವಿದ್ಯಾರ್ಥಿಗಳ ಕೈಯಲ್ಲಿ ಇಂದು ಇಲ್ಲದಿರಬಹುದು. ಆದರೆ ನಾಳೆ ಯಂತ್ರಗಳನ್ನು ರೂಪಿಸುವ ಎಂಜಿನಿಯರುಗಳೂ, ನಿಯಮಗಳನ್ನು ಮಾಡುವ ಅಧಿಕಾರಿಗಳೂ ಇಂದಿನ ವಿದ್ಯಾರ್ಥಿಗಳೇ ಅಲ್ಲವೇ? ಅಲ್ಲಿಯವರೆಗೆ ಮೂರನೆಯದಂತೂ ಅವರ ಕೈಯಲ್ಲಿಯೇ ಇದೆ. ಹೊಸ ಫೋನಿಗಾಗಿ ಹಟ ಹಿಡಿಯುವ ಮೊದಲು, ಕೈಯಲ್ಲಿರುವುದನ್ನು ರಿಪೇರಿಯವನ ಮೇಜಿನ ಮೇಲೆ ಒಮ್ಮೆ ಇರಿಸಿ ನೋಡಬಹುದು.