ತಂತಿ ಕಾಯಿಸು

ಪ್ರೀತಿಯ ಪುಟ್ಟಿ,

ಕಾಲೇಜಿನಲ್ಲಿ ನಿನಗೊಬ್ಬರು ಮೆಂಟರ್ ಮೇಡಂ ಅಂತ ಗೊತ್ತುಮಾಡಿ ಎರಡು ತಿಂಗಳಾದರೂ ನೀನು ಅವರ ರೂಮಿನ ಕಡೆ ತಲೆ ಹಾಕಿಲ್ಲವಂತೆ. ‘ದಡ್ಡಿ ಅಂದ್ಕೋತಾರೆ’ ಅಂತ ಅಳುಕಂತೆ. ನಿನ್ನಮ್ಮ ಹೇಳಿದಳು. ವಾಟ್ಸ್ಆಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ, ಅದಕ್ಕೇ ಕಾಗದ.

ನಾನು ಎಲೆಕ್ಟ್ರಾನಿಕ್ಸ್ ಓದುವಾಗ ಕ್ಲಾಸಿನಲ್ಲಿ ಹುಡುಗಿಯರು ಮೂರೇ ಜನ. ಲ್ಯಾಬಿನಲ್ಲಿ ಹುಡುಗರು ಸರ್ಕ್ಯೂಟ್ ಕಟ್ಟುತ್ತಿದ್ದರು, ನಾವು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಅಕ್ಷರ ದುಂಡಗಿದೆಯಲ್ಲ, ಅದಕ್ಕೆ! ಒಂದು ಸಂಜೆ ಯಾರೂ ಇಲ್ಲದಾಗ ನಾನೇ ಬೆಸುಗೆ ಹಾಕಲು ಕೂತೆ. ಸೀಸ ಉಂಡೆಗಟ್ಟಿ ಉದುರುತ್ತಿತ್ತೇ ಹೊರತು ಹಿಡಿಯಲೊಲ್ಲದು. ಎರಡು ವರ್ಷ ಸೀನಿಯರ್ ಅಕ್ಕ ಒಬ್ಬಳು ಬಾಗಿಲಲ್ಲಿ ನಿಂತು ನೋಡಿ ಒಳಬಂದಳು. ‘ಸೀಸ ಕಾಯಿಸ್ಬೇಡ ಕಣೇ, ತಂತಿ ಕಾಯಿಸು. ತಂತಿ ಕಾದ್ರೆ ಸೀಸ ತಾನಾಗೇ ಹರಿಯುತ್ತೆ.’ ಕಪ್ಪುಗಟ್ಟಿದ ಮೊನೆಯನ್ನು ಒದ್ದೆ ಸ್ಪಂಜಿಗೆ ಒರೆಸಿ ನನ್ನ ಕೈಗೇ ವಾಪಸ್ ಕೊಟ್ಟಳು. ತಾನು ಮಾಡಿ ಮುಗಿಸಲಿಲ್ಲ, ನೋಡು.

ಅಂಥ ಗುರು ಇನ್ನೊಬ್ಬರ ಕತೆ ಕೇಳು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಬೇಡವೆಂದರು. ಹಟ ಹಿಡಿದ ಮೇಲೆ, ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಈ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಕುತೂಹಲ ಕಮಲಾ ಅವರ ಗೈಡ್ ಶ್ರೀನಿವಾಸಯ್ಯನವರ ಬಗ್ಗೆ. ಹಾಲು, ಬೇಳೆಕಾಳಿನ ಪ್ರೋಟೀನುಗಳ ಕೆಲಸಕ್ಕೆ ಹಚ್ಚಿ, ಬೆಳಗಿನಿಂದ ರಾತ್ರಿಯವರೆಗೂ ದುಡಿಸಿದರು. ಹುಡುಗಿ ಅಂತ ರಿಯಾಯಿತಿ ತೋರಲಿಲ್ಲ. 1939ರಲ್ಲಿ ಕಮಲಾಗೆ ಕೇಂಬ್ರಿಜ್ಜಿನ ಪಿಎಚ್‌.ಡಿ. ಬಂತು. ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಕಲಿಸಿದ ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್, ಮುಂದೆ ತಾವೇ ಇಪ್ಪತ್ತು ಜನರ ಪಿಎಚ್‌.ಡಿ.ಗೆ ಗೈಡ್ ಆದರು.

ನೀನೂ ನಿನ್ನ ಮೇಡಂ ಹತ್ತಿರ ಹೋಗು. ಆದರೆ ‘ಮುಂದೇನು ಮಾಡ್ಲಿ’ ಅನ್ನಬೇಡ, ‘ಚೆನ್ನಾಗಿ ಓದಮ್ಮ’ ಅಂತ ಕಳಿಸುತ್ತಾರೆ. ಓಡದ ಪ್ರೋಗ್ರಾಂ ತಗೊಂಡು ಹೋಗು, ಅರ್ಧಕ್ಕೆ ನಿಂತ ಇಂಟರ್ನ್‌ಶಿಪ್ ಅರ್ಜಿ ತಗೊಂಡು ಹೋಗು. ಇಂಥ ಮೆಂಟರ್ ಯೋಜನೆಗಳು ಎಷ್ಟೋ ಕಡೆ ಉದ್ಘಾಟನೆಯ ಫೋಟೋ, ಸಮೋಸಾದಲ್ಲೇ ಮುಗಿಯುತ್ತವೆ, ಸುಳ್ಳು ಹೇಳಲಾರೆ. ಹಾಗಾದರೆ ಹಾಸ್ಟೆಲಿನ ಸೀನಿಯರ್‌ಗಳಲ್ಲೇ ಒಬ್ಬಳನ್ನು ಹಿಡಿ.

ಚಕ್ಕುಲಿ ಕಳಿಸಿದ್ದೇನೆ. ಎರಡು ಪೊಟ್ಟಣ ಮಾಡಿದ್ದೇನೆ, ಒಂದು ಮೇಡಂಗೆ. ಹೋಗಲು ನೆಪ ಸಿಕ್ಕಿತಲ್ಲ.

ನಿನ್ನ ದೊಡ್ಡಮ್ಮ