ಸಣ್ಣ ಕಾರ್ಯಾಗಾರಕ್ಕೆ ಸ್ಪ್ಯಾನರ್: ಆಯ್ಕೆ ಮತ್ತು ಸಂರಕ್ಷಣೆ

ಮನೆಯ ಹಿತ್ತಿಲಿನ ಶೆಡ್ಡಿನಲ್ಲಿ ಪಂಪ್‌ಸೆಟ್, ದ್ವಿಚಕ್ರ ವಾಹನ ಅಥವಾ ಅಡಿಕೆ ಸುಲಿಯುವ ಯಂತ್ರಗಳನ್ನು ದುರಸ್ತಿ ಮಾಡಿ ಜೀವನ ನಡೆಸುವ ಸ್ವಯಂ ಉದ್ಯೋಗಿಗಳು ನಮ್ಮ ರಾಜ್ಯದಲ್ಲಿ ಅನೇಕರಿದ್ದಾರೆ. ಡ್ರಿಲ್ಲಿಂಗ್ ಯಂತ್ರವನ್ನೋ ವೆಲ್ಡಿಂಗ್ ಸೆಟ್ಟನ್ನೋ ಕೊಳ್ಳುವಾಗ ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ಇವರು, ಸ್ಪ್ಯಾನರ್ ಕೊಳ್ಳುವಾಗ ಮಾತ್ರ ಬೆಲೆಯೊಂದನ್ನೇ ನೋಡುವುದುಂಟು. ಆದರೆ ಗ್ರಾಹಕನ ಯಂತ್ರಕ್ಕೆ ಮೊದಲು ತಗಲುವುದು ಸ್ಪ್ಯಾನರಿನ ಬಾಯಿ. ಅದು ಜಾರಿದರೆ ನಟ್ಟಿನ ಮೂಲೆಗಳು ಸವೆದು ಗುಂಡಾಗುತ್ತವೆ. ಹತ್ತು ನಿಮಿಷದ ಕೆಲಸ ಉಳಿ, ಸುತ್ತಿಗೆ ಹಿಡಿದು ಅರ್ಧ ದಿನ ಮಾಡುವ ಕೆಲಸವಾಗುತ್ತದೆ. ಕೈಗಂಟು ಒಡೆದರೆ ಮರುದಿನದ ದುಡಿಮೆಯೂ ಹೋಗುತ್ತದೆ. ಆದ್ದರಿಂದ ಈ ಚಿಕ್ಕ ಹತ್ಯಾರಿನ ಆಯ್ಕೆಯು ಲಾಭ–ನಷ್ಟದ ಪ್ರಶ್ನೆಯೇ ಆಗಿದೆ.

ವಿಧಗಳು ಮತ್ತು ಉಪಯೋಗ

ಉತ್ತರ ಕರ್ನಾಟಕದಲ್ಲಿ ಪಾನಾ ಎಂದೂ ಕರೆಯಲ್ಪಡುವ ಸ್ಪ್ಯಾನರುಗಳಲ್ಲಿ ಮುಖ್ಯವಾದವು ಮೂರು. ತೆರೆದ ಬಾಯಿಯ ಸ್ಪ್ಯಾನರ್ ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ಅದರ ತಲೆ ಸಾಮಾನ್ಯವಾಗಿ ಹಿಡಿಕೆಗೆ 15 ಡಿಗ್ರಿ ಓರೆಯಾಗಿರುವುದರಿಂದ, ಇಕ್ಕಟ್ಟಾದ ಜಾಗದಲ್ಲಿ ಸ್ಪ್ಯಾನರನ್ನು ಮಗುಚಿ ಮಗುಚಿ ಹಾಕಿ ಪ್ರತಿ ಸಲ 30 ಡಿಗ್ರಿಯಷ್ಟು ತಿರುಗಿಸಬಹುದು. ರಿಂಗ್ ಸ್ಪ್ಯಾನರ್ ನಟ್ಟನ್ನು ಸುತ್ತಲೂ ಆವರಿಸಿ ಆರೂ ಮೂಲೆಗಳಿಗೆ ಬಲವನ್ನು ಹಂಚುತ್ತದೆ. ಬಿಗಿಯಾದ ನಟ್ಟನ್ನು ಮೊದಲು ಸಡಿಲಿಸಲು ಮತ್ತು ಕೊನೆಯಲ್ಲಿ ಬಿಗಿಗೊಳಿಸಲು ಇದೇ ಯೋಗ್ಯ. ಒಂದು ತುದಿ ತೆರೆದ ಬಾಯಿ, ಇನ್ನೊಂದು ತುದಿ ರಿಂಗ್ ಇದ್ದು, ಎರಡೂ ಒಂದೇ ಅಳತೆಯದಾಗಿದ್ದರೆ ಅದು ಕಾಂಬಿನೇಷನ್ ಸ್ಪ್ಯಾನರ್.

ಎಂಟು ಸ್ಪ್ಯಾನರುಗಳ ಸಾಮಾನ್ಯ ಸೆಟ್ಟಿನಲ್ಲಿ 6–7, 8–9, 10–11, 12–13, 14–15, 16–17, 18–19 ಮತ್ತು 20–22 ಮಿ.ಮೀ. ಜೋಡಿಗಳಿರುತ್ತವೆ. ಇಂತಹ ಒಂದೇ ಸೆಟ್ ಸಾಲದು. ನಟ್ಟನ್ನು ತಿರುಗಿಸುವಾಗ ಹಿಂದಿನ ಬೋಲ್ಟಿನ ತಲೆಯನ್ನು ಹಿಡಿಯಲು ಅದೇ ಅಳತೆಯ ಇನ್ನೊಂದು ಸ್ಪ್ಯಾನರ್ ಬೇಕಾಗುತ್ತದೆ. ತೆರೆದ ಬಾಯಿಯ ಒಂದು ಸೆಟ್ ಮತ್ತು ರಿಂಗಿನ ಒಂದು ಸೆಟ್ ಇದ್ದರೆ ಈ ತೊಂದರೆ ನಿವಾರಣೆಯಾಗುತ್ತದೆ. ಬಂಡವಾಳ ಕಡಿಮೆಯಿದ್ದಲ್ಲಿ ಅಗ್ಗದ ಎರಡು ಪೂರ್ಣ ಸೆಟ್‌ಗಳಿಗಿಂತ, ದಿನನಿತ್ಯ ಬೇಕಾಗುವ 8, 10, 12, 13, 14, 17 ಮತ್ತು 19ರ ಅಳತೆಗಳನ್ನು ಉತ್ತಮ ಗುಣಮಟ್ಟದಲ್ಲಿ ಬಿಡಿಯಾಗಿ ಕೊಳ್ಳುವುದು ಲೇಸು.

ಅಳತೆಯ ಗೊಂದಲ

ಸ್ಪ್ಯಾನರಿನ ಮೇಲಿನ ಅಂಕಿ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಂತರವೇ ಹೊರತು ಬೋಲ್ಟಿನ ದಪ್ಪವಲ್ಲ. ಎಂ-6 ಬೋಲ್ಟಿಗೆ 10, ಎಂ-8ಕ್ಕೆ 13 ಮಿ.ಮೀ. ಸ್ಪ್ಯಾನರ್ ಬೇಕು. ಎಂ-10 ಮತ್ತು ಎಂ-12 ಬೋಲ್ಟುಗಳಿಗೆ ಹಳೆಯ ಜರ್ಮನ್ ಮಾನಕದಲ್ಲಿ 17 ಮತ್ತು 19, ಅಂತರರಾಷ್ಟ್ರೀಯ ಮಾನಕದಲ್ಲಿ 16 ಮತ್ತು 18. ಎರಡೂ ಬಗೆಯವು ಬಳಕೆಯಲ್ಲಿರುವುದರಿಂದ ನಾಲ್ಕನ್ನೂ ಇಟ್ಟುಕೊಳ್ಳಬೇಕು. ಅರ್ಧ ಇಂಚಿನ ನಟ್ಟು 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಉಳಿಯುವ ಸಡಿಲವೇ ಮೂಲೆಗಳನ್ನು ಸವೆಸುತ್ತದೆ. ಮುಕ್ಕಾಲು ಇಂಚು 19.05 ಮಿ.ಮೀ. ಆದ್ದರಿಂದ 19ರ ಸ್ಪ್ಯಾನರ್ ಅದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಹಳೆಯ ಬ್ರಿಟಿಷ್ ಲೇತುಗಳ ವಿಟ್‌ವರ್ಥ್ ಸ್ಪ್ಯಾನರುಗಳ ಮೇಲೆ ಮಾತ್ರ ಬೋಲ್ಟಿನ ವ್ಯಾಸವನ್ನೇ ನಮೂದಿಸಿರುತ್ತಾರೆ ಎಂಬುದು ನೆನಪಿನಲ್ಲಿರಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ

1. ಲೋಹ: ಒಳ್ಳೆಯ ಸ್ಪ್ಯಾನರನ್ನು ಕ್ರೋಮ್ ವೆನೇಡಿಯಂನಂತಹ ಮಿಶ್ರಲೋಹದ ಉಕ್ಕನ್ನು ಕಾಯಿಸಿ, ಅಚ್ಚಿನಲ್ಲಿ ಬಡಿದು ರೂಪಿಸಿ, ನಂತರ ಹದ ಕೊಟ್ಟು ತಯಾರಿಸುತ್ತಾರೆ. ಹದ ಕಡಿಮೆಯಾದರೆ ಬಾಯಿ ಅಗಲವಾಗುತ್ತದೆ, ಹೆಚ್ಚಾದರೆ ಸಿಡಿಯುತ್ತದೆ. ಉಕ್ಕಿನ ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ಅದೊಂದನ್ನೇ ನಂಬಲಾಗದು.

2. ಮಾನಕ: ತೆರೆದ ಬಾಯಿಯ ಸ್ಪ್ಯಾನರಿಗೆ ಐ.ಎಸ್. 2028, ರಿಂಗ್ ಸ್ಪ್ಯಾನರಿಗೆ ಐ.ಎಸ್. 2029 ಎಂಬ ಭಾರತೀಯ ಮಾನಕಗಳಿವೆ. ಐ.ಎಸ್.ಐ. ಗುರುತಿದ್ದರೆ ಅದರ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಈ ಪರವಾನಗಿಯನ್ನು ಪರಿಶೀಲಿಸಬಹುದು.

3. ಹೊಂದಾಣಿಕೆ: ಹೊಸ ನಟ್ಟೊಂದನ್ನು ಜೇಬಿನಲ್ಲಿ ಒಯ್ದು ಬಾಯಿಗೆ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ. ನಟ್ಟು ಒತ್ತಾಯವಿಲ್ಲದೆ ಒಳಹೋಗಬೇಕು. ಒಳಹೋದ ಮೇಲೆ ಗಮನಾರ್ಹವಾಗಿ ಅಲುಗಾಡಬಾರದು.

4. ಮೇಲ್ಮೈ: ಬಾಯಿಯ ಎರಡು ಮುಖಗಳು ಸಮಾನಾಂತರವಾಗಿರಬೇಕು. ಕ್ರೋಮ್ ಲೇಪ ಎಲ್ಲಿಯೂ ಏಳದೆ, ಗುಳ್ಳೆಯಿಲ್ಲದೆ ಇರಬೇಕು. ಎದ್ದ ಲೇಪದ ಅಂಚು ಕೈಯನ್ನು ಕೊಯ್ಯುತ್ತದೆ, ಅದರಡಿ ತುಕ್ಕು ಹರಡುತ್ತದೆ.

ಖರೀದಿಗೆ ತೆರಿಗೆ ಬಿಲ್ಲು ಪಡೆಯುವುದನ್ನು ಮರೆಯಬಾರದು. ಸ್ಪ್ಯಾನರುಗಳ ಎಚ್.ಎಸ್.ಎನ್. ಶೀರ್ಷಿಕೆ 8204. ಜಿ.ಎಸ್.ಟಿ. ಅಡಿಯಲ್ಲಿ ನೋಂದಾಯಿತರಾಗಿ ಸಾಮಾನ್ಯ ಕ್ರಮದಲ್ಲಿ ತೆರಿಗೆ ಪಾವತಿಸುವ ಉದ್ಯಮಿಯು ಉದ್ಯಮದ ಬಳಕೆಗೆ ಕೊಂಡ ಹತ್ಯಾರಿನ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು.

ಬಳಕೆಯಲ್ಲಿ ಎಚ್ಚರ

ಹಿಡಿಕೆಯ ಉದ್ದವನ್ನು ಬಾಯಿಯ ಅಳತೆಗೆ ತಕ್ಕಂತೆ ನಿಗದಿಪಡಿಸಿರುತ್ತಾರೆ. ಇದನ್ನು ಕಡೆಗಣಿಸಿ ಹಿಡಿಕೆಗೆ ಪೈಪು ತೂರಿಸುವುದು ಸಾಮಾನ್ಯ ತಪ್ಪು. 20 ಸೆಂ.ಮೀ. ಉದ್ದದ ಹಿಡಿಕೆಯ ತುದಿಯಲ್ಲಿ 200 ನ್ಯೂಟನ್ ಬಲ ಹಾಕಿದರೆ 40 ನ್ಯೂಟನ್-ಮೀಟರ್ ತಿರುಚು ಬಲ ದೊರೆಯುತ್ತದೆ. ಪೈಪಿನಿಂದ ಉದ್ದವನ್ನು 60 ಸೆಂ.ಮೀ.ಗೆ ಏರಿಸಿದರೆ ಅದು 120 ಆಗುತ್ತದೆ. 8.8 ದರ್ಜೆಯ ಎಂ-10 ಬೋಲ್ಟು ತಾಳುವಂತೆ ಬಿಗಿಯಬೇಕಾದದ್ದು ಸುಮಾರು 45ರಿಂದ 50ರಷ್ಟು ಮಾತ್ರ. ಉಳಿದ ಬಲ ಬೋಲ್ಟನ್ನೋ ಸ್ಪ್ಯಾನರನ್ನೋ ಬಲಿ ತೆಗೆದುಕೊಳ್ಳುತ್ತದೆ. ಸಾಧ್ಯವಾದಲ್ಲೆಲ್ಲ ಸ್ಪ್ಯಾನರನ್ನು ತನ್ನತ್ತ ಎಳೆಯಬೇಕು. ತಳ್ಳಲೇಬೇಕಾದಾಗ ಬೆರಳು ಮಡಚದೆ ಅಂಗೈಯಿಂದ ತಳ್ಳಬೇಕು.

ಸಂರಕ್ಷಣೆ

ಹತ್ಯಾರಿನ ದೊಡ್ಡ ವೈರಿ ತೇವ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ವಿಶೇಷ ಜಾಗ್ರತೆ ಅಗತ್ಯ. ಕೈಬೆವರಿನ ಉಪ್ಪೂ ತುಕ್ಕನ್ನು ಬೆಳೆಸುವುದರಿಂದ, ಸಂಜೆ ಕೆಲಸ ಮುಗಿದೊಡನೆ ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡುವುದು ಉತ್ತಮ. ಮರುದಿನ ಬಳಸುವ ಮುನ್ನ ಆ ಎಣ್ಣೆಯನ್ನು ಒರೆಸದಿದ್ದರೆ ಹಿಡಿತ ಜಾರುತ್ತದೆ.

ಹಲಗೆಯೊಂದರ ಮೇಲೆ ಪ್ರತಿ ಸ್ಪ್ಯಾನರಿನ ಆಕೃತಿಯನ್ನು ಬಣ್ಣದಿಂದ ಬರೆದು ಮೊಳೆಗಳಿಗೆ ತೂಗುಹಾಕಿದರೆ, ಕಾಣೆಯಾದದ್ದು ಯಾವುದೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಗ್ರಾಹಕನ ಯಂತ್ರದೊಳಗೆ ಮರೆತ ಸ್ಪ್ಯಾನರ್ ಯಂತ್ರ ಚಾಲೂ ಆಗುವ ಮೊದಲೇ ಪತ್ತೆಯಾಗುವುದು ಇಂತಹ ಎಣಿಕೆಯಿಂದಲೇ. ಕೆಂಪುಕಲ್ಲಿನ ಹೊರಗೋಡೆ ಮಳೆಗಾಲದಲ್ಲಿ ನೀರು ಹೀರುವುದರಿಂದ, ಹಲಗೆ ಹಾಗೂ ಗೋಡೆಯ ನಡುವೆ ಗಾಳಿಯಾಡಲು ಪಟ್ಟಿ ಹೊಡೆದು ಅಂತರ ಬಿಡಬೇಕು. ಪೆಟ್ಟಿಗೆಯಲ್ಲಿಡುವುದಾದರೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ, ಆಗಾಗ ಅವುಗಳನ್ನು ಬದಲಿಸುತ್ತಿರಬೇಕು. ಒದ್ದೆಯಾದ ಗೋಣಿಚೀಲದಲ್ಲಿ ಸುತ್ತಿಡುವುದು ತುಕ್ಕಿಗೆ ಆಹ್ವಾನ. ಬ್ಯಾಟರಿ ಚಾರ್ಜ್ ಮಾಡುವ ಸ್ಥಳ ಮತ್ತು ಶೌಚಾಲಯ ತೊಳೆಯುವ ಆ್ಯಸಿಡ್ ಬಾಟಲಿಗಳಿಂದ ಹತ್ಯಾರುಗಳನ್ನು ದೂರವಿಡಬೇಕು. ಮುಚ್ಚಳ ಹಾಕಿದ ಬಾಟಲಿಯಿಂದಲೂ ಸೋರುವ ಆವಿ ಲೋಹವನ್ನು ತಿನ್ನುತ್ತದೆ.

ಬಾಯಿ ಅಗಲವಾದ ಅಥವಾ ಬಿರುಕು ಬಿಟ್ಟ ಸ್ಪ್ಯಾನರನ್ನು ಕಾಯಿಸಿ, ಬಡಿದು ಸರಿಪಡಿಸಲು ಯತ್ನಿಸಬಾರದು. ಅದರಿಂದ ಕಾರ್ಖಾನೆಯಲ್ಲಿ ಕೊಟ್ಟ ಹದ ಹೋಗುತ್ತದೆ. ಅಂತಹುದನ್ನು ಗುಜರಿಗೆ ಹಾಕುವುದೇ ಸರಿ. ಮೂಲೆಯಲ್ಲಿ ಬಿದ್ದಿದ್ದರೆ ಅವಸರದ ದಿನ ಅದೇ ಸ್ಪ್ಯಾನರ್ ಕೆಲಸ ಕಲಿಯುವ ಹುಡುಗನ ಕೈಗೆ ಸಿಗುತ್ತದೆ.

ಮೇಲಿನ ಕ್ರಮಗಳಿಗೆ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗದು. ಜಾರದ ಸ್ಪ್ಯಾನರ್, ಕೆಡದ ನಟ್ಟು ಮತ್ತು ಹೇಳಿದ ದಿನಕ್ಕೆ ಮರಳಿದ ಯಂತ್ರ, ಈ ಮೂರರಿಂದಲೇ ಸಣ್ಣ ಕಾರ್ಯಾಗಾರವು ಗ್ರಾಹಕರ ವಿಶ್ವಾಸವನ್ನು ಉಳಿಸಿಕೊಳ್ಳುತ್ತದೆ.