ಕಾವಲುಗಾರರೇ ಎರಗಿದಾಗ

"ಫಾದರ್, ನಾನು ಸಿಹಿ ಹೆಚ್ಚು ಕೊಟ್ಟಿದ್ದಕ್ಕೇ ಮಗುವಿಗೆ ಸಕ್ಕರೆ ಕಾಯಿಲೆ ಬಂತೇ?" ಎಂದು ತಾಯಂದಿರು ಕಣ್ಣೀರಿಡುತ್ತಾರೆ. ಇಲ್ಲಮ್ಮ, ತಪ್ಪು ನಿಮ್ಮದಲ್ಲ. ಇದು ಯಾರ ಪಾಪದ ಶಿಕ್ಷೆಯೂ ಅಲ್ಲ.

ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಚಿಕ್ಕ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಇವನ್ನು ಮೊದಲು ವರ್ಣಿಸಿದವರು ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್. ಇಲ್ಲಿನ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುವುದು. ರೋಗಾಣುಗಳೊಡನೆ ಹೋರಾಡಬೇಕಾದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು, ಒಂದನೇ ಬಗೆಯ ಮಧುಮೇಹದಲ್ಲಿ ಈ ಬೀಟಾ ಕೋಶಗಳನ್ನೇ ಶತ್ರುಗಳೆಂದು ತಿಳಿದು, ಅವುಗಳ ಪೊರೆ ಕೊರೆದು, ಒಳಗೆ ಮಾರಕ ರಸ ಸುರಿದು ಕೊಲ್ಲುತ್ತವೆ. ತಿಂಗಳು, ವರ್ಷಗಟ್ಟಲೆ ಇದು ಸದ್ದಿಲ್ಲದೆ ಸಾಗುತ್ತದೆ. ಮಗು ಅತಿಯಾಗಿ ನೀರು ಕುಡಿದು, ಪದೇ ಪದೇ ಮೂತ್ರಕ್ಕೆ ಹೋಗಿ, ಸೊರಗುವ ಹೊತ್ತಿಗೆ ಕೋಶಗಳ ದೊಡ್ಡ ಪಾಲು ನಾಶವಾಗಿರುತ್ತದೆ.

ಇಂಜೆಕ್ಷನ್ ಆರಂಭಿಸಿದ ಮೇಲೆ ಉಳಿದ ಕೋಶಗಳು ಚೇತರಿಸಿಕೊಂಡು, ಕೆಲವು ತಿಂಗಳು ಕಡಿಮೆ ಇನ್ಸುಲಿನ್ ಸಾಕಾಗುವುದುಂಟು. "ಹರಕೆ ಫಲಿಸಿತು, ಕಾಯಿಲೆ ವಾಸಿಯಾಯಿತು" ಎಂದು ಕೆಲವರು ಇಂಜೆಕ್ಷನ್ ಬಿಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹರಕೆ ಬೇಡವೆಂದು ನಾನು ಹೇಳಲಾರೆ. ಆದರೆ ಒಳಗಿನ ದಾಳಿ ನಿಂತಿಲ್ಲ. ಇನ್ಸುಲಿನ್ ಪೂರ್ತಿ ತಪ್ಪಿದರೆ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಆಮ್ಲ ಏರಿ ಮಗುವಿನ ಜೀವಕ್ಕೇ ಅಪಾಯ.